ಶ್ವಾಸಮಾರ್ಗದ ತ್ರಿಪರಿಮಾಣ ಚಿತ್ರ

ನಮ್ಮ ಶ್ವಾಸಮಾರ್ಗವನ್ನು ತಲೆಕೆಳಗಾದ ಮರಕ್ಕೆ ಹೋಲಿಸುವುದು ವಾಡಿಕೆ. ಕಾಂಡದಂತಿರುವ ಶ್ವಾಸನಾಳವು ಎದೆಯಲ್ಲಿ ಎರಡಾಗಿ, ಆ ಎರಡೂ ಮತ್ತೆ ಕವಲೊಡೆದು, ಹೀಗೆ ಸುಮಾರು 23 ಸಲ ಕವಲಾಗಿ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಜೀವಂತ ಮನುಷ್ಯನಲ್ಲಿ ಈ ಮರವನ್ನು ಕಾಣುವುದು ಬಹುಕಾಲ ಕಷ್ಟಸಾಧ್ಯವಾಗಿತ್ತು. 1895ರಲ್ಲಿ ರಂಟ್ಜೆನ್ ಕಂಡುಹಿಡಿದ ಕ್ಷ-ಕಿರಣದ ಚಿತ್ರದಲ್ಲಿ ಎಲುಬು, ಹೃದಯ, ರಕ್ತನಾಳಗಳ ನೆರಳುಗಳು ಒಂದರ ಮೇಲೊಂದು ಬಿದ್ದು ಕವಲುಗಳು ಮರೆಯಾಗುತ್ತವೆ. 1922ರಿಂದೀಚೆಗೆ ಅಯೋಡಿನ್ ಬೆರೆತ ಎಣ್ಣೆಯನ್ನು ನಾಳದೊಳಕ್ಕೆ ಬಿಟ್ಟು ಚಿತ್ರ ತೆಗೆಯುವ ಪದ್ಧತಿ ಬಳಕೆಗೆ ಬಂದಿತು. ಚಿತ್ರವೇನೋ ಸ್ಫುಟವಾಗಿರುತ್ತಿತ್ತು, ಕೆಮ್ಮಿ ಬಳಲಿದವನ ಉಸಿರಿನ ದಾರಿಗೇ ಎಣ್ಣೆ ಹೊಯ್ದರೆ ಹೇಗಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಅಡ್ಡಸೀಳನ್ನು ಲೆಕ್ಕಹಾಕಿ ತೋರಿಸಿತು. ಆ ಸಿ.ಟಿ. ಯಂತ್ರವೇ ಬೆಳೆದು, ಇಂದು ಒಂದು ಉಸಿರು ಬಿಗಿಹಿಡಿಯುವಷ್ಟರಲ್ಲಿ ಇಡೀ ಎದೆಯನ್ನು ಮಿಲಿಮೀಟರಿನಷ್ಟು ತೆಳುವಾದ ಪದರಗಳಾಗಿ ಅಳೆಯುತ್ತದೆ. ಗಣಕಯಂತ್ರವು ಆ ಪದರಗಳನ್ನು ಜೋಡಿಸಿ, ಗಾಳಿಯಿರುವ ಎಡೆಯನ್ನಷ್ಟೇ ಆಯ್ದು, ಮರವನ್ನು ಬಿಡಿಸಿ ತೋರಿಸುತ್ತದೆ. ಬ್ರಾಂಕಿಯೆಕ್ಟೇಸಿಸ್ ರೋಗದಲ್ಲಿ ಕವಲುಗಳು ತುದಿಯತ್ತ ಸಣ್ಣವಾಗದೆ ಹಿಗ್ಗಿ, ಜೊತೆಯಲ್ಲಿ ಸಾಗುವ ಧಮನಿಗಿಂತ ದಪ್ಪವಾಗಿರುವುದು ಇದರಲ್ಲಿ ಎದ್ದು ಕಾಣುತ್ತದೆ. ಕ್ಷಯದ ಗಾಯ ಮಾಯ್ದು ನಾಳವು ಇರುಕಾದಲ್ಲಿ ದರ್ಶಕದ ಕೊಳವೆ ಮುಂದೆ ಹೋಗಲಾರದು; ಚಿತ್ರವಾದರೋ ಇರುಕಿನ ಉದ್ದವನ್ನೂ ಅದರಾಚೆಯ ಸ್ಥಿತಿಯನ್ನೂ ಶಸ್ತ್ರವೈದ್ಯನಿಗೆ ತಿಳಿಸುತ್ತದೆ.

ಆದರೆ ಇದು ಕಣ್ಣು ಕಂಡದ್ದಲ್ಲ, ಲೆಕ್ಕ ಕಟ್ಟಿದ್ದು. ಗಾಳಿ ಮುಗಿದು ಗೋಡೆ ಮೊದಲಾಗುವ ಗಡಿಯ ಅಂಕವನ್ನು ಗೊತ್ತುಮಾಡಬೇಕಾಗುತ್ತದೆ; ಅದು ತುಸು ಸರಿದರೆ ಇಲ್ಲದ ಇರುಕು ಕಾಣಿಸೀತು. ಅಂಟಿದ ಕಫವು ಗಡ್ಡೆಯಂತೆ ತೋರೀತು. ನಾಳದೊಳಗೆ ನಡೆದುಹೋದಂತೆ ತೋರಿಸುವ ಚಿತ್ರಗಳ ಗುಲಾಬಿ ಬಣ್ಣವೂ ಯಂತ್ರ ಹಚ್ಚಿದ್ದೇ. ಒಳಪೊರೆ ನಿಜವಾಗಿ ಕೆಂಪೇರಿದೆಯೇ ಎಂಬುದನ್ನು ನೋಡಲು, ಪರೀಕ್ಷೆಗೆ ಚೂರು ಕೀಳಲು, ದರ್ಶಕವೇ ಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಉಸಿರಾಟದ್ದು. ಸಾಮಾನ್ಯವಾಗಿ ರೋಗಿಯು ಉಸಿರೆಳೆದು ಹಿಡಿದಾಗಲೇ ಚಿತ್ರ ತೆಗೆಯುತ್ತಾರೆ. ಶ್ವಾಸನಾಳದ ಗೋಡೆ ಮೆತ್ತಗಾದವರಲ್ಲಿ ಆಗ ನಾಳವು ಸಹಜವಾಗಿಯೇ ಇರುತ್ತದೆ. ಉಸಿರು ಬಿಡುವಾಗ ಮಾತ್ರ ಕುಸಿಯುತ್ತದೆ. ಉಬ್ಬಸವೆಂದು ಭಾವಿಸಿ ವರ್ಷಗಟ್ಟಲೆ ಔಷಧಿ ಪಡೆದವರಲ್ಲಿ ಇಂಥವರೂ ಉಂಟು. ಉಸಿರು ಬಿಡುವಾಗಿನ ಇನ್ನೊಂದು ಚಿತ್ರವಿಲ್ಲದೆ ಅವರ ರೋಗ ಬಯಲಾಗದು. 2 ಮಿಲಿಮೀಟರಿಗಿಂತ ಕಿರಿದಾದ ನಾಳಗಳಂತೂ ಸಾಮಾನ್ಯವಾಗಿ ಚಿತ್ರಕ್ಕೆ ಸಿಲುಕುವುದೇ ಇಲ್ಲ. ಉಸಿರು ಬಿಟ್ಟ ಬಳಿಕವೂ ಪುಪ್ಪುಸದಲ್ಲಿ ಕಪ್ಪಾಗಿಯೇ ಉಳಿಯುವ, ಹೊರಬರಲಾರದ ಗಾಳಿಯ ಕುರುಹಿನಿಂದ ಅವುಗಳ ಅಡಚಣೆಯನ್ನು ಊಹಿಸಬೇಕು.