ಮೂರು ವರ್ಷಕ್ಕೊಮ್ಮೆ ಬರುವವರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಸಿಕ್ಕ ವಾರ. ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆಗೆಯುವ ಹೊತ್ತಿಗೇ ಮೆಟ್ಟಿಲ ತುಂಬ ಜನ. ಮೊದಲ ಬಸ್ಸಿಗೆ ಹಳ್ಳಿ ಬಿಟ್ಟ ಹುಡುಗರು, ಅವರ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅಪ್ಪಂದಿರು. ಎಲ್ಲರ ಕೈಯಲ್ಲೂ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡಿನ ಜೆರಾಕ್ಸ್. 1990ರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರಕ್ಕೆ ಸೇರಿದ ದಿನ ನಾನು ಕಂಡದ್ದು ಇದನ್ನೇ. ಊರವರ ಬಾಯಲ್ಲಿ ಅದು ‘ಎಂಪ್ಲಾಯ್‌ಮೆಂಟ್ ಆಫೀಸು’. ಬರುವುದು ‘ಕಾರ್ಡ್ ಮಾಡಿಸೋಕೆ’.

ಒಳಗೆ ಗೋಡೆಯುದ್ದಕ್ಕೂ ಉಕ್ಕಿನ ಡ್ರಾಯರುಗಳು. ಎಳೆದರೆ ಮೊಳದುದ್ದ ಈಚೆ ಬರುತ್ತವೆ. ಒಳಗೆ ಒತ್ತೊತ್ತಾಗಿ ನಿಂತ ಎಕ್ಸ್-1 ಕಾರ್ಡುಗಳು. ಹೆಸರು, ಹುಟ್ಟಿದ ದಿನ, ಓದು, ಟೈಪಿಂಗ್ ಗೊತ್ತೋ ಇಲ್ಲವೋ, ಬೇರೆ ಊರಿಗೆ ಹೋಗಲು ಒಪ್ಪಿಗೆಯೋ ಇಲ್ಲವೋ. ಮೂಲೆಯಲ್ಲಿ ಒಂದು ಸಂಖ್ಯೆ, ಅದು ಕಸುಬಿನ ಕೋಡು. ಯಾವ ಕಾರ್ಡು ಯಾವ ಡ್ರಾಯರಿಗೆ ಎನ್ನುವುದನ್ನು ಹೇಳುವುದು ಆ ಸಂಖ್ಯೆಯೇ. ಒಂದು ಅಂಕಿ ತಪ್ಪಿದರೆ ಫಿಟ್ಟರ್ ಹುಡುಗನ ಕಾರ್ಡು ಅಡುಗೆಯವರ ನಡುವೆ ಕೂತುಬಿಡುತ್ತದೆ. ಅವನು ಊರಲ್ಲಿ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾನೆ, ಇಲ್ಲಿ ಅವನ ಕಾರ್ಡನ್ನು ಯಾರೂ ತೆಗೆಯುವುದಿಲ್ಲ. ಈ ಭಯ ನನ್ನನ್ನು ಕೊನೆಯವರೆಗೂ ಬಿಡಲಿಲ್ಲ.

ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಮೊದಲ ವಾರವೇ ಹೇಳಿದ್ದರು: “ಪಿಯುಸಿ ಫೇಲು ಅಂತ ಬರ್ಕೊಂಡು ಕಳಿಸ್‌ಬೇಡ. ಮತ್ತೇನ್ ಬರುತ್ತೆ ಅಂತ ಕೇಳು.” ಕೇಳಿದರೆ ಹುಡುಗರು ಮೊದಲು ತಲೆ ತಗ್ಗಿಸುತ್ತಿದ್ದರು. “ಏನೂ ಇಲ್ಲ ಸಾರ್.” ಸ್ವಲ್ಪ ಕಾದರೆ ಮಾತು ಹೊರಡುತ್ತಿತ್ತು. ಸೋದರಮಾವನ ಗ್ಯಾರೇಜಿನಲ್ಲಿ ಎರಡು ವರ್ಷ ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ್ದೀನಿ ಎನ್ನುತ್ತಿದ್ದ ಒಬ್ಬ. ಊರವರ ಪಂಪ್‌ಸೆಟ್ ಮೋಟಾರಿಗೆಲ್ಲ ವೈಂಡಿಂಗ್ ಮಾಡುವುದು ತಾನೇ ಎಂದು ಇನ್ನೊಬ್ಬ. ಮದುವೆ ರವಿಕೆಗೆ ಕಸೂತಿ ಹಾಕುತ್ತೇನೆ, ಅದೂ ಬರೀಬಹುದಾ ಎಂದು ಕೇಳಿದಳು ಒಬ್ಬ ಹೆಣ್ಣುಮಗಳು. ಬರೆದೆ. ಬರೆಯುವಾಗ ಅವರ ಬೆನ್ನು ನೆಟ್ಟಗಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಕಚೇರಿಗಳು ಹುಟ್ಟಿದ್ದು 1945ರಲ್ಲಿ, ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ದಾರಿ ತೋರಿಸಲೆಂದು. 1948ರ ಹೊತ್ತಿಗೆ ಕೆಲಸ ಬೇಕಾದ ಎಲ್ಲರಿಗೂ ತೆರೆದವು. ನಮ್ಮ ರಾಜ್ಯ ಒಂದಾದ 1956ರ ನವೆಂಬರ್ 1ರಂದೇ ಇವುಗಳ ದೈನಂದಿನ ಆಡಳಿತವೂ ಕೇಂದ್ರದಿಂದ ರಾಜ್ಯಗಳ ಕೈಗೆ ಬಂತು. ಆಮೇಲೆ ಬಂದದ್ದು 1959ರ ಕಾಯ್ದೆ. ಸರ್ಕಾರಿ ಸಂಸ್ಥೆಗಳೂ, 25 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳೂ ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ನಮಗೆ ತಿಳಿಸಬೇಕಿತ್ತು; ಮೂರು ತಿಂಗಳಿಗೊಮ್ಮೆ ಇಆರ್-1 ನಮೂನೆಯಲ್ಲಿ ಲೆಕ್ಕ ಕೊಡಬೇಕಿತ್ತು. ಆದರೆ ನಾವು ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಎಂಬ ಕಟ್ಟುಪಾಡು ಯಾರಿಗೂ ಇಲ್ಲವೆಂದು ಅದೇ ಕಾಯ್ದೆ ಬಿಡಿಸಿ ಹೇಳಿತ್ತು. ಕೆಲಸ ಕೊಡುವ ಅಧಿಕಾರ ನಮಗಿರಲಿಲ್ಲ. ಕೌಂಟರಿನ ಆಚೆ ನಿಂತವರಿಗೆ ಮಾತ್ರ ಕೆಲಸ ಇದ್ದದ್ದು ನಮ್ಮ ಡ್ರಾಯರಿನಲ್ಲೇ.

ಯಾವುದಾದರೂ ಇಲಾಖೆಯಿಂದ ಹುದ್ದೆಗಳ ಪತ್ರ ಬಂದ ದಿನ ಕಚೇರಿಯ ಕಳೆಯೇ ಬೇರೆ. ಡ್ರಾಯರು ಎಳೆದು, ನೋಂದಣಿಯ ಜ್ಯೇಷ್ಠತೆ ನೋಡಿ, ಮೀಸಲಾತಿ ನೋಡಿ, ವಯಸ್ಸು ನೋಡಿ ಪಟ್ಟಿ ಮಾಡುತ್ತಿದ್ದೆವು. ಒಬ್ಬರು ಓದುವುದು, ಒಬ್ಬರು ಬರೆಯುವುದು, ಮೂರನೆಯವರು ತಾಳೆ ನೋಡುವುದು. ಸಂದರ್ಶನದ ಪತ್ರಗಳಿಗೆ ವಿಳಾಸ ಬರೆದೂ ಬರೆದೂ ಬೆರಳು ಜೋಮು ಹಿಡಿಯುತ್ತಿತ್ತು. ಆ ಪತ್ರ ತಲುಪಿದ ಮನೆಯಲ್ಲಿ ಕೆಲಸವೇ ಸಿಕ್ಕಿತೆಂದು ಬೆಲ್ಲ ಹಂಚಿದ್ದೂ ಉಂಟು.

ಕಾರ್ಡು ಮೂರು ವರ್ಷಕ್ಕೊಮ್ಮೆ ನವೀಕರಣ ಆಗಬೇಕು. ಗಡುವು ದಾಟಿದರೆ ಜ್ಯೇಷ್ಠತೆ ಹೋಯಿತು, ಸಾಲಿನ ತುದಿಗೆ ನಿಲ್ಲಬೇಕು. ಟಿಸಿಎಚ್ ಮಾಡಿದ್ದ ಒಬ್ಬಾಕೆ ಒಂಬತ್ತು ವರ್ಷ ತಪ್ಪದೆ ಬಂದವಳು, ಒಮ್ಮೆ ಬಾಣಂತನದಲ್ಲಿ ತಪ್ಪಿಸಿಕೊಂಡಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಕೌಂಟರಿನ ಮುಂದೆ ನಿಂತಳು. ನಿಯಮ ಹೇಳಿದೆ. “ಹಂಗಾದ್ರೆ ಒಂಬತ್ತು ವರ್ಷ ಎಲ್ಲಿಗ್ ಹೋಯ್ತು ಸಾರ್?” ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಹೊಸ ನಮೂನೆ ಕೊಟ್ಟೆ. ಆಕೆ ಬರೆಯುವಷ್ಟು ಹೊತ್ತು ಕೂಸನ್ನು ನಮ್ಮ ಜವಾನಮ್ಮ ಎತ್ತಿಕೊಂಡಿದ್ದರು. ಆ ನಿಯಮವನ್ನು ನಾನು ಇಂದಿಗೂ ಒಪ್ಪಲಾರೆ. ಕಾಯುವವರಿಗೆ ಬಾಣಂತನವೂ ಇರುತ್ತದೆ, ಜ್ವರವೂ ಇರುತ್ತದೆ.

1996ರಲ್ಲಿ ಸುಪ್ರೀಂ ಕೋರ್ಟು, ನಾವು ಕಳಿಸಿದ ಪಟ್ಟಿಯಷ್ಟೇ ಸಾಲದು, ಪತ್ರಿಕೆಯಲ್ಲೂ ಪ್ರಕಟಿಸಿ ಅರ್ಜಿ ಹಾಕಿದವರನ್ನೂ ಪರಿಗಣಿಸಬೇಕು ಎಂದಿತು. ನ್ಯಾಯವಾದ ಮಾತೇ. ಆದರೆ ಬರಬರುತ್ತ ನಮ್ಮ ಮೆಟ್ಟಿಲ ಮೇಲಿನ ಜನ ತೆಳುವಾದರು. ಕಂಪ್ಯೂಟರ್ ಬಂತು, 2015ರಲ್ಲಿ ಕೇಂದ್ರದ ಎನ್‌ಸಿಎಸ್ ಉದ್ಯೋಗ ಪೋರ್ಟಲ್ ಬಂತು, ಉದ್ಯೋಗ ಮೇಳಗಳು ಬಂದವು. 2024ರ ಜನವರಿಯಲ್ಲಿ ಯುವನಿಧಿ ಶುರುವಾದಾಗ ಮತ್ತೆ ಹುಡುಗರ ಗುಂಪು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ 2 ವರ್ಷ. ಈ ಸಲ ಕವರುಗಳ ಬದಲು ಕೈಯಲ್ಲಿ ಮೊಬೈಲು. ಓಟಿಪಿ ಬರಲಿಲ್ಲ ಸಾರ್, ಅಪ್ಪನ ನಂಬರಿಗೆ ಹೋಗಿದೆ ಸಾರ್. ಮುಖಗಳು ಮಾತ್ರ ನನಗೆ ಹಳೆಯ ಪರಿಚಯದವೇ.

ಸಂಜೆ ನಾಲ್ಕಕ್ಕೆ ಬಂದವರೊಬ್ಬರು ನೆನಪಾಗುತ್ತಾರೆ. ಕಿವಿಯ ಬಳಿ ನರೆ. ಜೇಬಿನಿಂದ ನಾಲ್ಕು ಮಡಿಕೆಯ ಕಾರ್ಡು ತೆಗೆದರು; ಮಡಿಕೆಗಳಿಗೆ ಹಿಂದಿನಿಂದ ಟೇಪು ಅಂಟಿಸಿತ್ತು. ವಯೋಮಿತಿ ಎಂದೋ ಮೀರಿತ್ತು. ಕುರ್ಚಿ ತೋರಿಸಿ ಮೆಲ್ಲಗೆ ಹೇಳಿದೆ: “ಅಣ್ಣ, ಇನ್ನು ಇದರಿಂದ ಕರೆ ಬರಲ್ಲ.” ಅವರು ತಲೆಯಾಡಿಸಿದರು. “ಗೊತ್ತು ಸಾರ್. ಹೋಟ್ಲಲ್ಲಿ ಕೆಲ್ಸ ಐತೆ. ಆದ್ರೂ ಹಾಕಿ, ಹೆಸರು ಅಲ್ಲಿರ್ಲಿ.”

ಮೊಹರು ಹಾಕಿ, ಮುಂದಿನ ತಾರೀಖು ಬರೆದೆ. ಮಸಿ ಆರಲೆಂದು ಅವರು ಎರಡು ಸಲ ಊದಿದರು. ಮತ್ತೆ ಅದೇ ಮಡಿಕೆಗಳಲ್ಲಿ ಮಡಚಿ ಜೇಬಿಗಿಟ್ಟುಕೊಂಡು, ಐದು ಗಂಟೆಯ ಬಸ್ಸು ಇನ್ನೂ ಇದೆಯಾ ಎಂದು ಕೇಳಿದರು.