ಠಾಣೆ, ಆಸ್ಪತ್ರೆ ಮತ್ತು ನಂಬಿಕೆ: ನೋಡತಕ್ಕ ಕೆಲವು ಬ್ರಿಟಿಷ್ ಟೆಲಿವಿಷನ್ ನಾಟಕಗಳು

ಗುರುತು ಪರಿಚಯವಿಲ್ಲದವರನ್ನು ಒಮ್ಮೆಲೇ ನಂಬಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಎರಡು ಸಂದರ್ಭಗಳಲ್ಲಿ ನಾವೇ ಹೋಗಿ ಅಪರಿಚಿತರ ಕದ ತಟ್ಟುತ್ತೇವೆ. ಮನೆಯಲ್ಲಿ ಕಾಯಿಲೆ ಕೈಮೀರಿದಾಗ ವೈದ್ಯನ ಬಳಿಗೆ ಹೋಗುತ್ತೇವೆ. ಅನ್ಯಾಯ ನಡೆದಾಗ ಪೋಲೀಸರ ಬಳಿಗೆ ಹೋಗುತ್ತೇವೆ. ಒಬ್ಬನ ಕೈಗೆ ಪ್ರಾಣವನ್ನೂ ಇನ್ನೊಬ್ಬನ ಕೈಗೆ ಮಾನವನ್ನೂ ಒಪ್ಪಿಸುತ್ತೇವೆ. ಆ ನಂಬಿಕೆಗೆ ಅವರು ಅರ್ಹರೆ? ಈ ಪ್ರಶ್ನೆಯನ್ನು ಬ್ರಿಟನ್ನಿನ ಟೆಲಿವಿಷನ್ ಸುಮಾರು ಎಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದೆ. ಅಲ್ಲಿನ ಪತ್ತೇದಾರಿ ನಾಟಕಗಳೂ ಆಸ್ಪತ್ರೆಯ ನಾಟಕಗಳೂ ಈಗ ಅಂತರಜಾಲದ ಮೂಲಕ ನಮ್ಮ ನಡುಮನೆಗೂ ಬಂದಿವೆ. ರಾಶಿಯಾಗಿ ಬಂದಿರುವ ಇವುಗಳಲ್ಲಿ ಯಾವುದನ್ನು ನೋಡಬಹುದು, ಏಕೆ ನೋಡಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲಿಗೆ, ಈ ಎರಡು ಬಗೆಯ ನಾಟಕಗಳನ್ನು ಒಟ್ಟಿಗೆ ಹೇಳುವುದೇಕೆ ಎಂದು ಯಾರಾದರೂ ಕೇಳಬಹುದು. ಇವೆರಡಕ್ಕೂ ಹಳೆಯ ನಂಟುಂಟು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋದಲ್ಲಿ ವೈದ್ಯ ಶಿಕ್ಷಣ ಪಡೆದವರು. ಅಲ್ಲಿ ಅವರ ಗುರುಗಳಾಗಿದ್ದ ಡಾಕ್ಟರ್ ಜೋಸೆಫ್ ಬೆಲ್, ರೋಗಿಯ ನಡೆ ನುಡಿ ಕೈಬೆರಳುಗಳನ್ನು ನೋಡಿಯೇ ಅವನ ಕಸುಬನ್ನು ಹೇಳಬಲ್ಲವರಾಗಿದ್ದರು. ಹೋಮ್ಸನ ಸೂಕ್ಷ್ಮ ದೃಷ್ಟಿ ಬಂದದ್ದು ಅವರಿಂದ. ಅಗಾಥಾ ಕ್ರಿಸ್ಟಿಯವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟಾರ್ಕೀ ಊರಿನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿ ವಿಷಗಳ ವಿಚಾರವನ್ನು ಕಲಿತರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯಲ್ಲೇ ಕೊಲೆ ನಡೆಯುವುದು ವಿಷದಿಂದ. ವೈದ್ಯನು ಲಕ್ಷಣದಿಂದ ರೋಗಕ್ಕೆ ಹೋಗುತ್ತಾನೆ, ಪತ್ತೇದಾರನು ಸುಳಿವಿನಿಂದ ಸತ್ಯಕ್ಕೆ ಹೋಗುತ್ತಾನೆ. ಇಬ್ಬರದೂ ಒಂದೇ ದಾರಿ.

ಬ್ರಿಟಿಷ್ ಟೆಲಿವಿಷನ್ನಿನಲ್ಲಿ ಈ ನಾಟಕಗಳು ಮೊದಲು ಸೌಮ್ಯವಾಗಿಯೇ ಆರಂಭವಾದವು. 1955ರಲ್ಲಿ ಬಿ.ಬಿ.ಸಿ.ಯಲ್ಲಿ ಮೊದಲಾದ 'ಡಿಕ್ಸನ್ ಆಫ್ ಡಾಕ್ ಗ್ರೀನ್' ಧಾರಾವಾಹಿಯ ನಾಯಕ ಒಬ್ಬ ಸಾಧಾರಣ ಬೀಟ್ ಪೋಲೀಸು. ಪ್ರತಿ ಕಥೆಯ ಮೊದಲಿಗೂ ಕೊನೆಗೂ ಅವನು ಪ್ರೇಕ್ಷಕರನ್ನೇ ನೋಡಿ, ನೆರೆಮನೆಯ ಹಿರಿಯನಂತೆ ಎರಡು ಮಾತು ಹೇಳುತ್ತಿದ್ದ. ಈ ಧಾರಾವಾಹಿ 1976ರವರೆಗೂ ನಡೆಯಿತು. ಆದರೆ 1962ರಲ್ಲಿ ಬಂದ 'ಜೀ಼ ಕಾರ್ಸ್' ಬೇರೆಯೇ ಚಿತ್ರವನ್ನು ತೋರಿಸಿತು. ಅದರ ಮೊದಲ ಕಂತಿನಲ್ಲೇ ಒಬ್ಬ ಪೋಲೀಸಿನವನ ಹೆಂಡತಿಯ ಕಣ್ಣು ಏಟು ತಿಂದು ಕಪ್ಪಿಟ್ಟಿತ್ತು, ಹೊಡೆದವನು ಗಂಡನೇ. ಸಮವಸ್ತ್ರ ತೊಟ್ಟವನೂ ಮನುಷ್ಯನೇ, ಅವನ ಮನೆಯಲ್ಲೂ ತಪ್ಪು ನಡೆಯುತ್ತದೆ ಎಂದು ತೋರಿಸಿದ ಆ ನಾಟಕ ಕೆಲವು ಪೋಲೀಸ್ ಅಧಿಕಾರಿಗಳ ಅಸಮಾಧಾನಕ್ಕೂ ಗುರಿಯಾಯಿತು. ಮುಂದೆ ಬಂದ ಒಳ್ಳೆಯ ನಾಟಕಗಳೆಲ್ಲ ಈ ಎರಡನೆಯ ದಾರಿಯನ್ನೇ ಹಿಡಿದವು.

ಪತ್ತೇದಾರಿ ನಾಟಕಕ್ಕೆ ಹೊಸಬರಾದವರು ಡೇವಿಡ್ ಸುಷೆ ಅಭಿನಯದ 'ಪ್ವಾರೋ'ದಿಂದ ಆರಂಭಿಸಬಹುದು. 1989ರಿಂದ 2013ರವರೆಗೆ 70 ಕಥೆಗಳು ಬಂದಿವೆ. ಇದರಲ್ಲಿ ಬುದ್ಧಿಗೆ ಕೆಲಸವುಂಟು, ಬೀಭತ್ಸಕ್ಕೆ ಎಡೆ ಕಡಮೆ. ಅನಂತರ ಆಕ್ಸ್‌ಫರ್ಡಿನಲ್ಲಿ ನಡೆಯುವ 'ಇನ್ಸ್‌ಪೆಕ್ಟರ್ ಮೋರ್ಸ್' ನೋಡತಕ್ಕದ್ದು. 1987ರಿಂದ 2000ದವರೆಗೆ ಬಂದ ಇದರ 33 ಕಥೆಗಳಲ್ಲಿ ಒಂದೊಂದೂ ಒಂದು ಸಿನಿಮಾದಷ್ಟು ಉದ್ದ. ಜಾನ್ ಥಾ ಅಭಿನಯಿಸಿದ ಮೋರ್ಸನು ಸಂಗೀತಪ್ರಿಯ, ಪದಬಂಧಪ್ರಿಯ, ಸಿಡುಕ. ಅವನ ಊಹೆ ಎಷ್ಟೋ ಸಲ ತಪ್ಪುತ್ತದೆ. ತಪ್ಪಿದಾಗ ಮತ್ತೆ ಮೊದಲಿನಿಂದ ಯೋಚಿಸುತ್ತಾನೆ. ಆ ಗುಣಕ್ಕಾಗಿಯೇ ಅವನು ನಮಗೆ ಮೆಚ್ಚುಗೆಯಾಗುತ್ತಾನೆ.

2002ರಲ್ಲಿ ಮೊದಲಾದ 'ಫಾಯ್ಲ್ಸ್ ವಾರ್' ಎರಡನೆಯ ಮಹಾಯುದ್ಧದ ಕಾಲದ ಹೇಸ್ಟಿಂಗ್ಸ್ ಎಂಬ ಕಡಲತೀರದ ಊರಿನ ಕಥೆ. ಸಾವಿರಾರು ಜನ ಯುದ್ಧದಲ್ಲಿ ಸಾಯುತ್ತಿರುವಾಗ ಒಬ್ಬನ ಕೊಲೆಯ ವಿಚಾರಣೆಗೆ ಏನರ್ಥ? ದೇಶಕ್ಕೆ ಬೇಕಾದ ವ್ಯಕ್ತಿಯೇ ಕೊಲೆಗಾರನಾದರೆ ಬಿಟ್ಟುಬಿಡಬಹುದೆ? ಈ ಪ್ರಶ್ನೆಗಳಿಗೆ ಫಾಯ್ಲ್ ಎಂಬ ಮಿತಭಾಷಿ ಅಧಿಕಾರಿ ತನ್ನ ಕೆಲಸದಿಂದಲೇ ಉತ್ತರ ಹೇಳುತ್ತಾನೆ. ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ನಾಟಕವಿದು.

ಇನ್ನು ಮನಸ್ಸನ್ನು ಕಲಕುವ ನಾಟಕಗಳು. 1991ರ 'ಪ್ರೈಮ್ ಸಸ್ಪೆಕ್ಟ್'ನಲ್ಲಿ ಹೆಲೆನ್ ಮಿರನ್ ಅವರ ಪಾತ್ರ ಜೇನ್ ಟೆನಿಸನ್ ಎಂಬ ಮಹಿಳಾ ಅಧಿಕಾರಿಯದು. ಕೊಲೆಗಾರನನ್ನು ಹಿಡಿಯುವುದಕ್ಕಿಂತ, ತನ್ನ ಕೈಕೆಳಗಿನ ಗಂಡಸರು ತನ್ನ ಮಾತು ಕೇಳುವಂತೆ ಮಾಡುವುದೇ ಆಕೆಗೆ ಕಷ್ಟವಾಗುತ್ತದೆ. ಕಚೇರಿಗಳಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2014ರಿಂದ 2023ರವರೆಗೆ ಮೂರು ಭಾಗಗಳಲ್ಲಿ ಬಂದ 'ಹ್ಯಾಪಿ ವ್ಯಾಲಿ'ಯಲ್ಲಿ ಸಾರಾ ಲ್ಯಾಂಕಷೈರ್ ಅವರದು ಯಾರ್ಕ್‌ಷೈರಿನ ಕಣಿವೆಯ ಊರೊಂದರ ಪೋಲೀಸ್ ಸಾರ್ಜೆಂಟ್ ಪಾತ್ರ. ತೀರಿಹೋದ ಮಗಳ ಮಗನನ್ನು ಸಾಕುತ್ತಿರುವ ಈ ಅಜ್ಜಿ ಠಾಣೆಯ ಕೆಲಸವನ್ನೂ ಮನೆಯ ಸಂಕಟವನ್ನೂ ಒಟ್ಟಿಗೆ ಹೊರುತ್ತಾಳೆ. ಮೂರು ಭಾಗ ಸೇರಿ 18 ಕಂತುಗಳು; ಬರೆದವರು ಸ್ಯಾಲಿ ವೈನ್‌ರೈಟ್. ಹಿಂಸೆಯ ದೃಶ್ಯಗಳುಂಟು, ಆದ್ದರಿಂದ ಇದು ಮಕ್ಕಳಿಗಲ್ಲ.

2013ರ 'ಬ್ರಾಡ್‌ಚರ್ಚ್' ಮೊದಲ ಭಾಗದಲ್ಲಿ ಕಡಲತೀರದ ಸಣ್ಣ ಊರೊಂದರಲ್ಲಿ ಹನ್ನೊಂದು ವರ್ಷದ ಹುಡುಗನ ಶವ ದೊರೆಯುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಸಂಶಯವು ಮನೆಯಿಂದ ಮನೆಗೆ ಹರಡುವುದನ್ನೂ, ಹೆತ್ತವರ ದುಃಖವನ್ನೂ ಇಷ್ಟು ತಾಳ್ಮೆಯಿಂದ ತೋರಿಸಿದ ನಾಟಕ ವಿರಳ. 2015ರಲ್ಲಿ ಆರಂಭವಾದ 'ಅನ್‌ಫರ್ಗಾಟನ್' ಇನ್ನೊಂದು ಬಗೆ. ಎಷ್ಟೋ ವರ್ಷಗಳ ಹಿಂದೆ ಸತ್ತವನ ಅಸ್ಥಿ ಸಿಗುತ್ತದೆ. ಅವನನ್ನು ಬಲ್ಲವರು ಈಗ ಹೆಂಡತಿ ಮಕ್ಕಳೊಡನೆ ನೆಮ್ಮದಿಯಿಂದಿರುತ್ತಾರೆ. ಹಳೆಯ ತಪ್ಪಿಗೆ ಅವಧಿಯುಂಟೆ ಎಂಬುದೇ ಇಲ್ಲಿಯ ಪ್ರಶ್ನೆ. ಭಾರತ ಮೂಲದ ನಟ ಸಂಜೀವ್ ಭಾಸ್ಕರ್ ಇದರಲ್ಲಿ ಸನ್ನಿ ಖಾನ್ ಎಂಬ ಅಧಿಕಾರಿಯಾಗಿ, ಗಟ್ಟಿಯಾಗಿ ಮಾತಾಡದೆಯೇ ಮನಸ್ಸಿನಲ್ಲಿ ನಿಲ್ಲುತ್ತಾರೆ.

ಆಸ್ಪತ್ರೆಯ ನಾಟಕಗಳ ಹಿನ್ನೆಲೆಯನ್ನು ತಿಳಿಯಲು ಒಂದು ಸಂಗತಿ ನೆನಪಿರಬೇಕು. 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ರೋಗಿಯು ಹಣ ಕೊಡದೆ ಚಿಕಿತ್ಸೆ ಪಡೆಯುವ ವ್ಯವಸ್ಥೆಯಿದು. ತೆರಿಗೆಯ ಹಣದಿಂದ ನಡೆಯುತ್ತದೆ. ಆದ್ದರಿಂದ ಅಲ್ಲಿನ ಆಸ್ಪತ್ರೆಯ ನಾಟಕವೆಂದರೆ ಜನರ ಸ್ವಂತ ಸೊತ್ತಿನ ಕಥೆ. ಹಾಸಿಗೆ ಸಾಲದಿರುವುದು, ದಾದಿಯರು ದಣಿದಿರುವುದು, ಕಿರಿಯ ವೈದ್ಯರಿಗೆ ನಿದ್ದೆಯಿಲ್ಲದಿರುವುದು, ಇವೆಲ್ಲ ಅಲ್ಲಿ ಕಥೆಯ ಒಳಗೇ ಬರುತ್ತವೆ. 1986ರಲ್ಲಿ ಮೊದಲಾದ 'ಕ್ಯಾಷುಯಲ್ಟಿ' ಅಂದಿನಿಂದ ಇಂದಿನವರೆಗೂ ಆ ಕಥೆಯನ್ನು ಹೇಳುತ್ತಿದೆ.

ಮನೆಮಂದಿಗೆಲ್ಲ ಒಪ್ಪುವಂಥದು 'ಕಾಲ್ ದ ಮಿಡ್‌ವೈಫ್'. ಜೆನಿಫರ್ ವರ್ತ್ ಎಂಬ ಸೂಲಗಿತ್ತಿಯ ನೆನಪುಗಳನ್ನು ಆಧರಿಸಿ 2012ರಲ್ಲಿ ಆರಂಭವಾಯಿತು. 1950ರ ದಶಕದ ಪೂರ್ವ ಲಂಡನ್ನಿನ ಬಡಕೇರಿಗಳಲ್ಲಿ ಸೈಕಲ್ಲೇರಿ ಹೆರಿಗೆ ಮಾಡಿಸಲು ಹೋಗುವ ದಾದಿಯರ ಮತ್ತು ಸನ್ಯಾಸಿನಿಯರ ಕಥೆ. ನೋಡಲು ಮೃದು, ಆದರೆ ಒಳಗೆ ಗಟ್ಟಿ. 1958ರಿಂದ 1961ರವರೆಗೆ ಬ್ರಿಟನ್ನಿನಲ್ಲಿ ಮಾರಾಟವಾದ ಥಾಲಿಡೊಮೈಡ್ ಎಂಬ ಔಷಧವನ್ನು ಗರ್ಭಿಣಿಯರಿಗೆ ವಾಕರಿಕೆ ತಡೆಯಲು ಕೊಡುತ್ತಿದ್ದರು. ಅದರಿಂದ ಅನೇಕ ಶಿಶುಗಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದವು. ಈ ನಾಟಕದ ಸಜ್ಜನ ವೈದ್ಯನೇ ಆ ಔಷಧವನ್ನು ಒಳ್ಳೆಯ ಮನಸ್ಸಿನಿಂದ ಬರೆದುಕೊಡುತ್ತಾನೆ. ಕೆಟ್ಟವನೊಬ್ಬನೂ ಇಲ್ಲದೆ ಕೇಡು ನಡೆಯುವುದನ್ನು ಇಲ್ಲಿ ಕಾಣುತ್ತೇವೆ.

ನಮಗೆ ಹತ್ತಿರದ ಇನ್ನೊಂದು ನಾಟಕ 2010ರ 'ದಿ ಇಂಡಿಯನ್ ಡಾಕ್ಟರ್'. 1963ರಲ್ಲಿ ವೇಲ್ಸಿನ ಕಲ್ಲಿದ್ದಲು ಗಣಿಯ ಹಳ್ಳಿಗೆ ಭಾರತದಿಂದ ಹೆಂಡತಿಯೊಡನೆ ಬಂದ ವೈದ್ಯನ ಕಥೆ. ಇಲ್ಲಿಯೂ ನಾಯಕ ಸಂಜೀವ್ ಭಾಸ್ಕರ್ ಅವರೇ. ನಮ್ಮ ದೇಶದ ಎಷ್ಟೋ ವೈದ್ಯರು ಆ ಆರೋಗ್ಯ ಸೇವೆಗೆ ಹೆಗಲು ಕೊಟ್ಟವರು. ದೂರದೇಶದ ಚಳಿಯಲ್ಲಿ ಅವರು ಹೇಗೆ ಬಾಳಿದರೆಂದು ತಿಳಿಯಲು ಇದೊಂದು ಕಿಟಕಿ.

ಕಹಿ ಸತ್ಯವನ್ನು ತಾಳಬಲ್ಲವರಿಗೆ 2022ರ 'ದಿಸ್ ಈಸ್ ಗೋಯಿಂಗ್ ಟು ಹರ್ಟ್' ಉಂಟು. ವೈದ್ಯವೃತ್ತಿಯನ್ನು ಬಿಟ್ಟು ಬರಹಗಾರರಾದ ಆಡಮ್ ಕೇ ಅವರ ದಿನಚರಿಯಿಂದ ಹುಟ್ಟಿದ ಏಳು ಕಂತುಗಳ ನಾಟಕ. ಮುಖ್ಯ ಪಾತ್ರ ಬೆನ್ ವಿಷಾ ಅವರದು. ಹೆರಿಗೆ ವಾರ್ಡಿನ ಕಿರಿಯ ವೈದ್ಯರು ನಗುತ್ತ, ಬಯ್ಯುತ್ತ, ಒಳಗೊಳಗೇ ಕುಸಿಯುವುದನ್ನು ಅದು ತೋರಿಸುತ್ತದೆ. ಶ್ರುತಿ ಎಂಬ ಭಾರತ ಮೂಲದ ತರುಣ ವೈದ್ಯೆಯ ಪಾತ್ರವನ್ನು ನೋಡಿದವರು, ಡಾಕ್ಟರಾಗಬೇಕೆಂದು ಮಗಳನ್ನು ಒತ್ತಾಯಿಸುವ ಮುನ್ನ ಒಂದು ಕ್ಷಣ ಯೋಚಿಸಿಯಾರು. ಶಸ್ತ್ರಕ್ರಿಯೆಯ ದೃಶ್ಯಗಳು ನೇರವಾಗಿವೆ. ಗರ್ಭಿಣಿಯರು ಸದ್ಯಕ್ಕೆ ನೋಡದಿರುವುದೇ ಲೇಸು.

ಠಾಣೆಯನ್ನೂ ಆಸ್ಪತ್ರೆಯನ್ನೂ ಒಂದೇ ಲೇಖನಿಯಿಂದ ಬರೆದವರು ಜೆಡ್ ಮರ್ಕ್ಯೂರಿಯೊ. ಇವರು ಮೊದಲು ವೈದ್ಯರು. 1994ರಲ್ಲಿ ಗುಪ್ತನಾಮದಿಂದ 'ಕಾರ್ಡಿಯಾಕ್ ಅರೆಸ್ಟ್' ಎಂಬ ನಾಟಕವನ್ನು ಬರೆದರು. 2004ರ 'ಬಾಡೀಸ್'ನಲ್ಲಿ, ಹಿರಿಯ ವೈದ್ಯನ ಕೈ ಸರಿಯಿಲ್ಲವೆಂದು ಕಂಡ ಕಿರಿಯನು ಬಾಯಿ ಬಿಡಬೇಕೆ, ಮುಚ್ಚಿಕೊಂಡಿರಬೇಕೆ ಎಂದು ತೊಳಲುತ್ತಾನೆ. 2012ರಿಂದ 2021ರವರೆಗೆ ಬಂದ ಅವರ 'ಲೈನ್ ಆಫ್ ಡ್ಯೂಟಿ'ಯಲ್ಲಿ ಪೋಲೀಸರೇ ಪೋಲೀಸರನ್ನು ವಿಚಾರಿಸುತ್ತಾರೆ. ಎರಡರ ತಿರುಳೂ ಒಂದೇ: ಸಂಸ್ಥೆಯೊಂದು ತನ್ನ ಹೆಸರನ್ನು ಉಳಿಸಿಕೊಳ್ಳಲು ತನ್ನನ್ನು ನಂಬಿದವರನ್ನೇ ಬಲಿಗೊಡಬಹುದು.

ಇದು ಬರಿಯ ಕಲ್ಪನೆಯಲ್ಲ ಎಂಬುದಕ್ಕೆ 2024ರ ಜನವರಿಯಲ್ಲಿ ಬಂದ 'ಮಿಸ್ಟರ್ ಬೇಟ್ಸ್ ವರ್ಸಸ್ ದ ಪೋಸ್ಟ್ ಆಫೀಸ್' ಸಾಕ್ಷಿ. ಬ್ರಿಟನ್ನಿನ ಅಂಚೆ ಇಲಾಖೆಯ ಗಣಕಯಂತ್ರದ ಲೆಕ್ಕ ತಪ್ಪಾಗಿದ್ದರಿಂದ 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಸಣ್ಣ ಅಂಚೆ ಕಚೇರಿಗಳವರು ಹಣ ಕದ್ದರೆಂದು ಶಿಕ್ಷೆಗೆ ಗುರಿಯಾದರು. ಅವರಲ್ಲಿ ಭಾರತ ಮೂಲದವರೂ ಇದ್ದರು. ವಿಷಯ ಪತ್ರಿಕೆಗಳಲ್ಲಿ ಮೊದಲೇ ಬಂದಿತ್ತು, ನ್ಯಾಯಾಲಯದಲ್ಲೂ ತೀರ್ಮಾನವಾಗಿತ್ತು; ಆದರೂ ದೇಶ ಎಚ್ಚತ್ತದ್ದು ನಾಲ್ಕು ರಾತ್ರಿಯ ಈ ನಾಟಕವನ್ನು ನೋಡಿದ ಮೇಲೆ. ಅದೇ ವರ್ಷ ಮೇ ತಿಂಗಳಲ್ಲಿ ಪಾರ್ಲಿಮೆಂಟು ಇಂಗ್ಲೆಂಡು, ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳಲ್ಲಿ ಆ ಶಿಕ್ಷೆಗಳನ್ನು ರದ್ದುಮಾಡುವ ಕಾನೂನನ್ನೇ ಮಾಡಿತು.

ಕೊನೆಯಲ್ಲಿ ನೋಡುವ ಕ್ರಮದ ವಿಚಾರವಾಗಿ ಒಂದೆರಡು ಮಾತು. ಈ ನಾಟಕಗಳಲ್ಲಿ ಬಹಳಷ್ಟರ ಒಂದೊಂದು ಭಾಗಕ್ಕೂ ಆರರಿಂದ ಎಂಟು ಕಂತುಗಳಷ್ಟೇ. ವಾರಕ್ಕೊಂದೆರಡರಂತೆ ನೋಡಿ, ನಡುವೆ ಮನೆಯವರೊಡನೆ ಮಾತಾಡಿಕೊಂಡರೆ ರುಚಿ ಹೆಚ್ಚು. ಯಾರ್ಕ್‌ಷೈರಿನ ಅಥವಾ ವೇಲ್ಸಿನ ಇಂಗ್ಲಿಷು ಚೆನ್ನಾಗಿ ಇಂಗ್ಲಿಷ್ ಓದಿದವರಿಗೂ ತೊಡಕೇ. ತೆರೆಯ ಕೆಳಗೆ ಅಕ್ಷರಗಳು ಬರುವಂತೆ ಮಾಡಿಕೊಳ್ಳಲು ಸಂಕೋಚ ಬೇಡ. ಬ್ರಿಟನ್ನಿನಲ್ಲಿ ಮಕ್ಕಳಿಗೆ ತಕ್ಕುದಲ್ಲದ್ದನ್ನು ರಾತ್ರಿ 9 ಗಂಟೆಗೆ ಮುಂಚೆ ಪ್ರಸಾರ ಮಾಡಕೂಡದೆಂಬ ನಿಯಮವುಂಟು. ಅಂತರಜಾಲಕ್ಕೆ ಹೊತ್ತು ಗೊತ್ತಿಲ್ಲದ ಕಾರಣ ಆ ನಿಯಮವನ್ನು ನಮ್ಮ ಮನೆಗಳಲ್ಲಿ ನಾವೇ ಪಾಲಿಸಬೇಕು.

ಕೊಲೆ ಮಾಡಿದವನು ಯಾರೆಂಬ ಕುತೂಹಲ ಕೊನೆಯ ಕಂತಿನೊಡನೆ ತೀರಿಹೋಗುತ್ತದೆ. ನಂಬಿ ಬಂದವರನ್ನು ಯಾರು ಕಾಪಾಡಿದರು, ಯಾರು ಕೈಬಿಟ್ಟರು ಎಂಬುದು ಮಾತ್ರ ಉಳಿಯುತ್ತದೆ. ಆ ಪ್ರಶ್ನೆಯನ್ನು ನಮ್ಮ ಊರಿನ ಠಾಣೆ, ಆಸ್ಪತ್ರೆಗಳ ಮುಂದೆ ನಿಂತಾಗಲೂ ಕೇಳುವಂತಾದರೆ, ನಾಟಕ ನೋಡಿದ ಹೊತ್ತು ವ್ಯರ್ಥವಾಗಲಿಲ್ಲವೆಂದೇ ಹೇಳಬೇಕು.