ಹಬ್ಬದ ಮರುದಿನದ ಅಡಿಗೆ: ಉಳಿದ ಹ್ಯಾಮಿನ ಸದುಪಯೋಗ

ಹಬ್ಬದ ಅಡಿಗೆಯನ್ನು ಕುರಿತು ಹೇಳುವವರು ಬಹಳ ಮಂದಿ. ಹಬ್ಬದ ಮರುದಿನದ ಅಡಿಗೆಯನ್ನು ಕುರಿತು ಹೇಳುವವರು ವಿರಳ. ಆದರೂ ಗೃಹಿಣಿಯ ಜಾಣತನವು ಪರೀಕ್ಷೆಗೆ ಗುರಿಯಾಗುವದು ಮರುದಿನವೇ ಸರಿ. ನೆಂಟರು ಮರಳಿ ಹೋಗಿರುತ್ತಾರೆ, ಕೈಕಾಲು ಸೋತಿರುತ್ತವೆ, ಪಾತ್ರೆಗಳಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಈ ಶಾಲೆಯಲ್ಲಿ ಕಲಿತು ಈಗ ಕಚೇರಿಯಲ್ಲಿಯೋ ಆಸ್ಪತ್ರೆಯಲ್ಲಿಯೋ ಪಾಠಶಾಲೆಯಲ್ಲಿಯೋ ದುಡಿಯುತ್ತಿರುವ ನಮ್ಮ ಸಹೋದರಿಯರು ಸಂಜೆ ಆರಕ್ಕೆ ಮನೆ ಸೇರಿ ಎಂಟರೊಳಗಾಗಿ ಊಟ ಬಡಿಸಬೇಕಾಗಿರುತ್ತದೆ. ಅಂಥ ಸಂಜೆಗಳಿಗೆ ಹಬ್ಬದ ಶೇಷವು ದೊಡ್ಡ ಒತ್ತಾಸೆಯಾಗಬಲ್ಲದು. ಅಜಾಗ್ರತೆಯಿಂದಿದ್ದರೆ ದೊಡ್ಡ ಅಪಾಯವೂ ಆಗಬಲ್ಲದು. ಈ ಎರಡನ್ನೂ ವಿವರಿಸುವದೇ ಈ ಲೇಖನದ ಉದ್ದೇಶವಾಗಿದೆ.

ಹ್ಯಾಮು ಎಂದರೆ ಹಂದಿಯ ಹಿಂದೊಡೆಯ ಮಾಂಸವನ್ನು ಉಪ್ಪಿನಲ್ಲಿ ಹದಗೊಳಿಸಿ, ಅನೇಕ ವೇಳೆ ಹೊಗೆಯನ್ನೂ ಕೊಟ್ಟು ಸಿದ್ಧಪಡಿಸಿದ ಪದಾರ್ಥ. ಕಾರವಾರವು ಗೋವೆಯ ಗಡಿಗೆ ಹತ್ತಿರವಾಗಿರುವದರಿಂದ ನಮ್ಮ ಕ್ರೈಸ್ತ ಕುಟುಂಬಗಳ ಹಬ್ಬದ ಅಡಿಗೆಯಲ್ಲಿ ಗೋವೆಯ ರುಚಿಯು ಮೊದಲಿನಿಂದಲೂ ಬೆರೆತಿದೆ. ಸೊರ್ಪತೆಲ್, ವಿಂದಾಲು, ಚೊರೀಸು ಮುಂತಾದವುಗಳೆಲ್ಲ ಆ ಕಡೆಯ ಬಳುವಳಿ. ವಿಂದಾಲು ಎಂಬ ಹೆಸರೇ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿ ಎಂಬರ್ಥದ ಪೋರ್ತುಗೀಜ ಮಾತಿನಿಂದ ಬಂದಿದೆ. ನಮ್ಮ ಕರಾವಳಿಯಲ್ಲಿ ದ್ರಾಕ್ಷಾರಸದ ಸ್ಥಾನವನ್ನು ತೆಂಗಿನ ಕಳ್ಳಿನ ಶಿರ್ಕವು ಆಕ್ರಮಿಸಿತು. ಕ್ರಿಸ್ತಜಯಂತಿಯಂದು ಇಡೀ ಹ್ಯಾಮನ್ನು ತರುವ ಮನೆಗಳಲ್ಲಿ ಅದು ಒಂದೇ ದಿನಕ್ಕೆ ಮುಗಿಯುವದಿಲ್ಲ. ಎಲುಬಿಗೆ ಅಂಟಿದ ಮಾಂಸವೂ ತುಂಡುತುಣುಕುಗಳೂ ಎರಡು ಮೂರು ದಿನಗಳ ಊಟಕ್ಕೆ ಸಾಲುವಷ್ಟು ಉಳಿಯುತ್ತವೆ.

ಉಪ್ಪು ಪದಾರ್ಥವನ್ನು ಕಾಯುವ ಬಗೆಯನ್ನು ಕಾರವಾರ ಅಂಕೋಲೆಯ ಹೆಣ್ಣುಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಉಪ್ಪಿಗಾಗಿ 1930ರಲ್ಲಿ ಸತ್ಯಾಗ್ರಹ ಮಾಡಿದ ಊರು ಅಂಕೋಲೆ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದಿರುವಾಗ ನಮ್ಮ ಮನೆಗಳ ಸಾರಿಗೆ ಆಧಾರವಾಗುವದು ಬೇಸಿಗೆಯಲ್ಲಿ ಉಪ್ಪು ಹಚ್ಚಿ ಒಣಗಿಸಿಟ್ಟ ಮೀನೇ ಆಗಿದೆ. ಉಪ್ಪು ಮಾಂಸದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ನೀರಿಲ್ಲದೆ ಸೂಕ್ಷ್ಮಜೀವಿಗಳು ಬೆಳೆಯಲಾರವು. ಒಣಮೀನಿನಲ್ಲಿ ಈ ಕೆಲಸವು ಪೂರ್ತಿಯಾಗಿ ನಡೆದಿರುತ್ತದೆ. ಆದರೆ ಈಗ ಅಂಗಡಿಗಳಲ್ಲಿ ದೊರೆಯುವ ಬೇಯಿಸಿದ ಹ್ಯಾಮಿನಲ್ಲಿ ಉಪ್ಪು ರುಚಿಗೆ ತಕ್ಕಷ್ಟು ಮಾತ್ರ ಇದ್ದು, ನೀರಿನಂಶವು ಬಹಳವಾಗಿ ಉಳಿದಿರುತ್ತದೆ. ಆದಕಾರಣ ಉಪ್ಪಿನ ಪದಾರ್ಥವೆಂಬ ಹೆಸರನ್ನು ನಂಬಿ ಅದನ್ನು ಒಣಮೀನಿನಂತೆ ಹೊರಗಿಡುವದು ದೊಡ್ಡ ತಪ್ಪು.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಹೊಸದಾಗಿ ಸಂಸಾರ ಹೂಡಿದ್ದ ಕಾಲದಲ್ಲಿ ಒಂದು ಕ್ರಿಸ್ತಜಯಂತಿಯ ರಾತ್ರಿ, ಉಳಿದ ಹ್ಯಾಮಿನ ತಟ್ಟೆಗೆ ಜಾಳಿಗೆಯನ್ನು ಮುಚ್ಚಿ ಮೇಜಿನ ಮೇಲೆಯೇ ಬಿಟ್ಟು ಮಲಗಿದೆನು. ಬೆಳಿಗ್ಗೆ ಅದಕ್ಕೆ ವಾಸನೆಯಿರಲಿಲ್ಲ, ಬಣ್ಣವೂ ಕೆಟ್ಟಿರಲಿಲ್ಲ. ಅತ್ತೆಯವರು ಸಂಶಯಪಟ್ಟಾಗ, “ಚೆನ್ನಾಗಿ ಹುರಿಯುತ್ತೇನಮ್ಮಾ, ಏನೂ ಆಗುವದಿಲ್ಲ” ಎಂದು ನಾನೇ ಧೈರ್ಯ ಹೇಳಿದೆನು. ಮಧ್ಯಾಹ್ನದ ಊಟವಾಗಿ ನಾಲ್ಕು ತಾಸಾಗುವದರೊಳಗೆ ಮನೆಯವರೆಲ್ಲರಿಗೂ ವಾಂತಿಯಾಯಿತು. ಎಲ್ಲರಿಗಿಂತ ಹೆಚ್ಚಾಗಿ ಬಳಲಿದವರು ಅತ್ತೆಯವರು. ಅವರು ನನಗೆ ಒಂದು ಮಾತನ್ನೂ ಆಡಲಿಲ್ಲ. ಅದರಿಂದಲೇ ನನ್ನ ನಾಚಿಕೆಯು ಇಮ್ಮಡಿಯಾಯಿತು.

ಚೆನ್ನಾಗಿ ಹುರಿದರೂ ಹಾಗೇಕಾಯಿತು? ಮನುಷ್ಯರ ಮೂಗಿನಲ್ಲಿಯೂ ಚರ್ಮದ ಮೇಲೆಯೂ ಸಾಮಾನ್ಯವಾಗಿ ವಾಸಿಸುವ ಸ್ಟೆಫಿಲೊಕಾಕಸ್ ಎಂಬ ಸೂಕ್ಷ್ಮಜೀವಿಯುಂಟು. ಮಾಂಸವನ್ನು ಕೊಯ್ಯುವಾಗ ಕೈಯಿಂದ ಅದು ಹ್ಯಾಮಿಗೆ ದಾಟುತ್ತದೆ. ಬೇರೆ ಜೀವಿಗಳು ತಾಳದ ಉಪ್ಪನ್ನು ಇದು ತಾಳಿಕೊಳ್ಳುತ್ತದೆ. ಬೆಚ್ಚಗಿನ ಸ್ಥಳದಲ್ಲಿ ಬೆಳೆದು ವಿಷವನ್ನು ಸ್ರವಿಸುತ್ತದೆ. ಕುದಿಸಿದರೆ ಜೀವಿಯು ಸಾಯುವದು ನಿಜ, ಆದರೆ ಅದು ಬಿಟ್ಟ ವಿಷವು ಸಾಯುವದಿಲ್ಲ. ಆ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅನ್ನದಲ್ಲಿ ಬೆಳೆಯುವ ಇನ್ನೊಂದು ಸೂಕ್ಷ್ಮಜೀವಿಯೂ ಹೀಗೆಯೇ ಬೆಂಕಿಗೆ ಬಗ್ಗದ ವಿಷವನ್ನು ಬಿಡುತ್ತದೆ. ಆದುದರಿಂದ “ಮತ್ತೊಮ್ಮೆ ಕುದಿಸಿದರೆ ಸರಿಹೋಗುವದು” ಎಂಬ ನಂಬಿಕೆಯನ್ನು ನಾವು ಬಿಡಬೇಕು. ಬೆಂಕಿಯು ಮಾಡಲಾರದ ಕೆಲಸವನ್ನು ಕಾಲಪಾಲನೆಯು ಮಾಡಬಲ್ಲದು.

ಈ ಕಾಲಪಾಲನೆಯ ನಿಯಮಗಳು ಕೆಲವೇ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ. ಬೇಯಿಸಿದ ಪದಾರ್ಥವು ಇಂಥ ಉಷ್ಣತೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಇರಬಾರದು; ಸೆಕೆಯು 32 ಡಿಗ್ರಿ ಮೀರಿದ್ದರೆ ಒಂದು ತಾಸಿಗಿಂತ ಹೆಚ್ಚು ಇರಬಾರದು. ನಮ್ಮ ಕಡಲತಡಿಯಲ್ಲಿ ಡಿಸೆಂಬರಿನ ಹಗಲು ಸಹ ಅಷ್ಟು ಕಾಯುವದುಂಟು. ಆದಕಾರಣ ಅತಿಥಿಗಳಿಗೆ ಬಡಿಸುವಷ್ಟನ್ನು ಮಾತ್ರ ಮೇಜಿಗೆ ತಂದು, ಮಿಕ್ಕದ್ದನ್ನು ಮೊದಲೇ ತೊಳೆದ ಕೈಯಿಂದ ಎಲುಬು ಬೇರೆ, ಮಾಂಸ ಬೇರೆಯಾಗಿ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡತಕ್ಕದ್ದು. ಹೀಗಿಟ್ಟ ಬೇಯಿಸಿದ ಹ್ಯಾಮನ್ನು ಮೂರು ನಾಲ್ಕು ದಿನಗಳೊಳಗೆ ಮುಗಿಸಬೇಕು. ಮಂಜುಗಟ್ಟುವ ಖಾನೆಯಲ್ಲಿಟ್ಟರೆ ಒಂದೆರಡು ತಿಂಗಳು ರುಚಿ ಕೆಡುವದಿಲ್ಲ. ವಿದ್ಯುತ್ತು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ತಾಸು ತಂಪನ್ನು ಹಿಡಿದಿಡುತ್ತದೆ. ತಿನ್ನುವಾಗ ಆ ಹೊತ್ತಿಗೆ ಬೇಕಾದಷ್ಟನ್ನೇ ತೆಗೆದು, ನಡುವಿನವರೆಗೂ ಹಬೆಯಾಡುವಂತೆ ಬಿಸಿಮಾಡಬೇಕು. ಮನೆಯಲ್ಲಿಯೇ ಉಪ್ಪು ಹಚ್ಚಿ ಭಾರ ಹೇರಿ ಹದಮಾಡಿದ ಹಸಿ ಹಂದಿಮಾಂಸವಾದರೆ, ಅದನ್ನು ನೀರಿನಲ್ಲಿ ನೆನೆಯಿಸಿ ಉಪ್ಪು ಇಳಿಸಿ, ಪೂರ್ತಿ ಬೇಯಿಸಿದ ಮೇಲೆಯೇ ಮುಂದಿನ ಅಡಿಗೆಗಳಿಗೆ ಉಪಯೋಗಿಸಬೇಕು.

ಇನ್ನು ಅಡಿಗೆಯ ಮಾತು. ನೂರು ಗ್ರಾಂ ಹ್ಯಾಮಿನಲ್ಲಿ ಸುಮಾರು ಎರಡರಿಂದ ಮೂರು ಗ್ರಾಂ ಉಪ್ಪಿರುತ್ತದೆ. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹದಮಾಡಿದ ಮಾಂಸವು ಕ್ಯಾನ್ಸರಿಗೆ ಕಾರಣವಾಗುವ ಪದಾರ್ಥವೆಂದು ಅದೇ ಸಂಸ್ಥೆಯ ಸಂಶೋಧನಾ ವಿಭಾಗವು 2015ರಲ್ಲಿ ನಿರ್ಣಯಿಸಿತು. ಆದ್ದರಿಂದ ಹ್ಯಾಮನ್ನು ದಿನನಿತ್ಯದ ಊಟವೆಂದಲ್ಲ, ಹಬ್ಬದ ಶೇಷವೆಂದೇ ತಿಳಿಯಬೇಕು. ಒಬ್ಬರಿಗೆ 50 ಗ್ರಾಂ ಲೆಕ್ಕದಲ್ಲಿ ಅದನ್ನು ವ್ಯಂಜನದಂತೆ ಬಳಸಿ, ಕಾಳು, ಬಟಾಟೆ, ಅನ್ನ, ಕಾಯಿಗಳಿಂದ ಹೊಟ್ಟೆ ತುಂಬಿಸತಕ್ಕದ್ದು. ಕೆಳಗಿನ ಅಡಿಗೆಗಳೆಲ್ಲ ನಾಲ್ವರಿಗೆ ಸಾಕಾಗುತ್ತವೆ. ಯಾವದಕ್ಕೂ ಕಡೆಯಲ್ಲಿ ರುಚಿ ನೋಡಿಯೇ ಹೊರತು ಮೊದಲಿಗೆ ಉಪ್ಪು ಹಾಕಬಾರದು.

ಮೊದಲನೆಯದು ಎಲುಬಿನ ಅಲಸಂದೆ ಸಾರು. ಎಲುಬು ಮೊದಲು ಖರ್ಚಾಗಬೇಕಾದದ್ದರಿಂದ ಮರುದಿನವೇ ಇದನ್ನು ಮಾಡುವದೊಳ್ಳೆಯದು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಒಂದು ಬಟ್ಟಲು ಅಲಸಂದೆಯನ್ನು ನೆನೆಯಿಡಿರಿ. ಸಂಜೆ ಕಾಳು, ಎಲುಬು, ಒಂದು ಉಳ್ಳಾಗಡ್ಡಿ, ನಾಲ್ಕೆಸಳು ಬೆಳ್ಳುಳ್ಳಿ, ಎಂಟು ಕಾಳುಮೆಣಸು ಇವುಗಳನ್ನು ಮುಳುಗುವಷ್ಟು ನೀರಿನೊಂದಿಗೆ ಕುಕ್ಕರಿನಲ್ಲಿಟ್ಟು, ಕಾಳು ಮೆತ್ತಗಾಗುವವರೆಗೆ ಬೇಯಿಸಿರಿ. ಎಲುಬನ್ನು ತೆಗೆದು, ಅದಕ್ಕಂಟಿದ ಮಾಂಸವನ್ನು ಸಾರಿಗೇ ಬಿಡಿಸಿ ಹಾಕಿ, ಒಂದು ಹಿಡಿ ಕಾಳನ್ನು ಹಿಸುಕಿದರೆ ಸಾರು ತಾನಾಗಿಯೇ ಗಟ್ಟಿಯಾಗುತ್ತದೆ. ಕುಚ್ಚಲಕ್ಕಿಯ ಗಂಜಿಗೂ ಪಾವಿಗೂ ಇದು ಸಮನಾಗಿ ಒಪ್ಪುತ್ತದೆ.

ಎರಡನೆಯದು ಬಟಾಟೆಯ ಸುಕ್ಕೆ. ಅರ್ಧ ತೆಂಗಿನಕಾಯಿಯ ತುರಿ, ಹುರಿದ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ, ಚಿಟಿಕೆ ಅರಿಸಿನ ಇವುಗಳನ್ನು ತರಿತರಿಯಾಗಿ ಅರೆದುಕೊಳ್ಳಿರಿ. ಉಳ್ಳಾಗಡ್ಡಿಯನ್ನು ಹುರಿದು, ಹೆಚ್ಚಿದ ಮೂರು ಬಟಾಟೆಗಳನ್ನು ಸ್ವಲ್ಪ ನೀರಿನಲ್ಲಿ ಬೇಯಿಸಿ, 200 ಗ್ರಾಂ ಹ್ಯಾಮಿನ ತುಣುಕುಗಳನ್ನೂ ಅರೆದ ಮಸಾಲೆಯನ್ನೂ ಎರಡು ಒಣ ಮುರುಗಲ ಸಿಪ್ಪೆಗಳನ್ನೂ ಸೇರಿಸಿ, ನೀರು ಇಂಗುವವರೆಗೆ ತಿರುವಿರಿ. ಮುರುಗಲ ಹುಳಿಯು ಹ್ಯಾಮಿನ ಉಪ್ಪನ್ನೂ ಕೊಬ್ಬನ್ನೂ ಹದಕ್ಕೆ ತರುತ್ತದೆ. ಅರ್ಧ ತಾಸಿನ ಕೆಲಸವಿದು.

ಮೂರನೆಯದು ಒಗ್ಗರಣೆಯ ಅನ್ನ. ಬೇಗ ಆರಿಸಿ ಫ್ರಿಜ್ಜಿನಲ್ಲಿಟ್ಟ ಹಿಂದಿನ ದಿನದ ಅನ್ನವನ್ನು ಉದುರಿಸಿಕೊಳ್ಳಿರಿ. ಹ್ಯಾಮಿನ ಕೊಬ್ಬಿನ ಚೂರುಗಳನ್ನು ಬಾಣಲೆಯಲ್ಲಿ ಕರಗಿಸಿದರೆ ಬೇರೆ ಎಣ್ಣೆಯೇ ಬೇಡ. ಅದರಲ್ಲಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬಟಾಣಿ, ಹ್ಯಾಮಿನ ತುಣುಕು, ಕಲಕಿದ ಎರಡು ತತ್ತಿ ಇವುಗಳನ್ನು ಕ್ರಮವಾಗಿ ಹುರಿದು, ಅನ್ನವನ್ನು ಬೆರೆಸಿ ಚೆನ್ನಾಗಿ ಬಿಸಿಮಾಡಿ ಲಿಂಬೆ ಹಿಂಡಿರಿ. ಇದಕ್ಕೆ ಕಾಲು ತಾಸು ಸಾಕು. ಕಡೆಗೆ ಉಳಿಯುವ ಚೂರುಪಾರನ್ನು ಬೇಯಿಸಿದ ಬಟಾಟೆಯಲ್ಲಿ ನಾದಿ, ರವೆಯಲ್ಲಿ ಹೊರಳಿಸಿ, ಕಾವಲಿಯ ಮೇಲೆ ಕಟ್ಲೆಟ್ಟು ಮಾಡಿದರೆ ಮಕ್ಕಳ ಸಂತೋಷಕ್ಕೆ ಪಾರವಿರುವದಿಲ್ಲ.

ಈ ಶಾಲೆಯ ಬೆಂಚಿನ ಮೇಲೆ ಎಲ್ಲ ಮತದ ಹುಡುಗಿಯರೂ ಒಟ್ಟಿಗೆ ಕುಳಿತು ಕಲಿತವರು. ಹಂದಿಮಾಂಸವನ್ನು ಮುಟ್ಟದ ಮನೆಗಳೂ, ಯಾವ ಮಾಂಸವನ್ನೂ ಮುಟ್ಟದ ಮನೆಗಳೂ ನಮ್ಮಲ್ಲಿ ಅನೇಕವಿವೆ. ಮೇಲಿನ ಅಡಿಗೆಗಳನ್ನು ಉಳಿದ ಕೋಳಿಯಿಂದಲೂ ಮಾಡಬಹುದು. ಮಾಂಸವಿಲ್ಲದೆ ಅಲಸಂದೆ, ಬಟಾಟೆಗಳಿಂದಲೂ ಮಾಡಬಹುದು. ಆಗ ಉಪ್ಪನ್ನೂ ಅನ್ನಕ್ಕೆ ಎಣ್ಣೆಯನ್ನೂ ರೂಢಿಯಂತೆ ಹಾಕಬೇಕು. ಅಡಿಗೆ ಬದಲಾದರೂ ಕಾಲಪಾಲನೆಯ ನಿಯಮವು ಬದಲಾಗುವದಿಲ್ಲ. ಮೀನಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ನಿನ್ನೆಯ ಮೀನಸಾರು ಇಂದು ರುಚಿಯೆಂದು ನಾವೆಲ್ಲರೂ ಹೇಳುತ್ತೇವೆ. ಅದು ತಂಪಿನಲ್ಲಿಟ್ಟ ಸಾರಿಗೆ ಮಾತ್ರ ಸಲ್ಲುವ ಮಾತು. ಬಂಗಡೆಯು ಬೆಚ್ಚಗಿನ ಸ್ಥಳದಲ್ಲಿ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ಪದಾರ್ಥವು ಹುಟ್ಟಿ, ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುವದುಂಟು. ಅದು ಕೂಡ ಕುದಿತಕ್ಕೆ ಹೋಗುವಂಥದಲ್ಲ.

ನಮ್ಮ ವೇದಪುಸ್ತಕದಲ್ಲಿ ಉಳಿಕೆಯನ್ನು ಕುರಿತು ಎರಡು ವೃತ್ತಾಂತಗಳಿವೆ. ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಐದು ಸಾವಿರ ಜನರು ಉಂಡ ಮೇಲೆ ಮಿಕ್ಕ ತುಣುಕುಗಳನ್ನು ಶಿಷ್ಯರು ಹನ್ನೆರಡು ಪುಟ್ಟಿಗಳಲ್ಲಿ ತುಂಬಿದರು. ವಿಮೋಚನಕಾಂಡದ ಹದಿನಾರನೆಯ ಅಧ್ಯಾಯದಲ್ಲಾದರೋ, ಅಪ್ಪಣೆ ಮೀರಿ ಬೆಳಗಿನವರೆಗೆ ಇಟ್ಟುಕೊಂಡ ಮನ್ನವು ಹುಳಬಿದ್ದು ನಾರಿತು. ಎಳೆಯ ಹುಡುಗಿಯಾಗಿದ್ದಾಗ ಇವೆರಡೂ ಒಂದಕ್ಕೊಂದು ವಿರುದ್ಧವೆಂದು ನನಗೆ ತೋರುತ್ತಿತ್ತು. ಅತ್ತೆಯವರು ಹಾಸಿಗೆ ಹಿಡಿದ ಆ ಸಂಜೆಯಿಂದ ಅವು ಒಂದೇ ಪಾಠದ ಎರಡು ಭಾಗಗಳೆಂದು ತಿಳಿದಿದ್ದೇನೆ. ಉಳಿದದ್ದನ್ನು ಚೆಲ್ಲಬಾರದು, ಆದರೆ ಊಟ ಮುಗಿದ ಹೊತ್ತಿನಲ್ಲಿಯೇ ಅದನ್ನು ಕೂಡಿಸಬೇಕು. ಬೆಳಗಾದ ಮೇಲೆ ಕೂಡಿಸಹೊರಟರೆ ತಡವಾಗಿರುತ್ತದೆ. ಅತ್ತೆಯವರು ಈಗ ಇಲ್ಲ. ಅವರ ಹೆಸರಿನಲ್ಲಿ ನಾನು ಪ್ರತಿ ಹಬ್ಬದ ರಾತ್ರಿಯೂ, ಎಷ್ಟೇ ದಣಿದಿದ್ದರೂ, ಆ ತಟ್ಟೆಯನ್ನು ಎತ್ತಿಟ್ಟ ಹೊರತು ದೀಪ ಆರಿಸುವದಿಲ್ಲ.